ಅಡಿಕೆ ದುಡ್ಡು, ಅರ್ಧ ಬೆಲೆಯ ದೊಡ್ಡ ಗಾಡಿ: ಕೈಗೆ ಕೀ ಬರೋ ಮುಂಚೆ ನೋಡಬೇಕಾದ ಹುಳುಕುಗಳು

ಚನ್ನಗಿರಿ/ಹೊನ್ನಾಳಿ: ಅಡಿಕೆ ರೇಟು ಕೈ ಹಿಡಿದ ವರ್ಷ ತಾಲ್ಲೂಕಿನಲ್ಲಿ ಎರಡು ಕೆಲಸ ಜೋರಾಗುತ್ತವೆ. ಒಂದು ಮನೆ ಕಟ್ಟೋದು, ಇನ್ನೊಂದು ಗಾಡಿ ಬದಲಾಯಿಸೋದು. 2025ರಲ್ಲಿ ರಾಶಿ ಅಡಿಕೆ ಕ್ವಿಂಟಲ್‌ಗೆ 60 ಸಾವಿರ ರೂಪಾಯಿ ದಾಟಿದ ದಿನಗಳನ್ನು ಚನ್ನಗಿರಿ, ನ್ಯಾಮತಿ ಭಾಗದ ಬೆಳೆಗಾರರು ಕಂಡಿದ್ದಾರೆ. ಅದೇ ಹೊತ್ತಿಗೆ ಮೊಬೈಲ್‌ನಲ್ಲಿ ಒಂದು ಫೋಟೋ ಬರುತ್ತೆ. ಕಪ್ಪು ಬಣ್ಣದ, ತಳತಳ ಹೊಳೆಯೋ ಜರ್ಮನ್ ಎಸ್‌ಯುವಿ. ಹೊಸದಾಗಿದ್ದಾಗ 60 ಲಕ್ಷ, ಈಗ 12 ಲಕ್ಷ. ಜೊತೆಗೆ ಬ್ರೋಕರ್ ಮಾತು: "ಅಣ್ಣ, ಡೆಲ್ಲಿ ಗಾಡಿ, ಒಂದೇ ಓನರ್, ಹೈವೇನಲ್ಲಿ ಮಾತ್ರ ಓಡಿರೋದು."

ಹೊಸ ಕ್ರೆಟಾ ಬೆಲೆಗೆ ಮರ್ಸಿಡಿಸ್ ಸಿಗುತ್ತೆ ಅಂದ್ರೆ ಯಾರಿಗೆ ಆಸೆ ಆಗಲ್ಲ? ಆದರೆ ಆ ಗಾಡಿ ಅಷ್ಟು ಅಗ್ಗಕ್ಕೆ ಯಾಕೆ ಬಂತು ಅನ್ನೋ ಪ್ರಶ್ನೆಗೆ ಉತ್ತರ ಸಿಗದೆ ಅಡ್ವಾನ್ಸ್ ಕೊಟ್ಟವರಿಗೆ ಉತ್ತರ ಸಿಗೋದು ಆರು ತಿಂಗಳ ಮೇಲೆ, ಗ್ಯಾರೇಜಿನ ಬಿಲ್ಲಿನಲ್ಲಿ.

ಈಗಲೇ ಯಾಕೆ ಇಷ್ಟು ಗಾಡಿಗಳು?

ಇದಕ್ಕೆ ಎರಡು ಕಾರಣ ಇವೆ. ಎರಡೂ ನಮ್ಮ ಜಿಲ್ಲೆಯ ಹೊರಗಿನವು.

ಮೊದಲನೆಯದು ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲಿನ ತೆರಿಗೆ ಸೆಸ್ ಸೇರಿ ಶೇ 50 ಇದ್ದದ್ದು ಶೇ 40ಕ್ಕೆ ಇಳಿಯಿತು. ಟೊಯೊಟಾ ಫಾರ್ಚುನರ್ ಒಂದಕ್ಕೇ ಗರಿಷ್ಠ 3.49 ಲಕ್ಷ ರೂಪಾಯಿವರೆಗೆ ಕಡಿಮೆ ಆಗುತ್ತದೆ ಅಂತ ಕಂಪನಿ ಹೇಳಿತು. ಹೊಸ ಗಾಡಿ ಬೆಲೆ ಇಳಿದರೆ ಹಳೆ ಗಾಡಿ ಬೆಲೆಯೂ ಇಳಿಯಲೇಬೇಕು. ಆದ್ದರಿಂದ 2025ರ ಬೇಸಿಗೆಯಲ್ಲಿ ಕೇಳಿದ ರೇಟನ್ನೇ ಹಿಡಿದುಕೊಂಡು ಈಗ ವ್ಯಾಪಾರಕ್ಕೆ ಕೂರುವುದರಲ್ಲಿ ಅರ್ಥವಿಲ್ಲ. ಚೌಕಾಸಿ ಮಾಡೋಕೆ ಕೊಳ್ಳುವವರ ಕೈಯಲ್ಲಿ ಇದೊಂದು ಗಟ್ಟಿ ಕಾರಣ.

ಎರಡನೆಯದು ದೆಹಲಿ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಜುಲೈ 1ರಂದು ಅಂಥ ಗಾಡಿಗಳಿಗೆ ಪೆಟ್ರೋಲ್ ಬಂಕ್‌ನಲ್ಲಿ ಎಣ್ಣೆಯನ್ನೇ ಹಾಕಬಾರದು ಅನ್ನೋ ನಿಯಮ ಬಂದು, ಗಲಾಟೆಯಾಗಿ, ಕೆಲವೇ ದಿನದಲ್ಲಿ ನಿಂತಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಗಾಡಿ ಹಳೆಯದು ಅನ್ನೋ ಒಂದೇ ಕಾರಣಕ್ಕೆ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್‌ನಲ್ಲಿ ಅದನ್ನು ತಿದ್ದಿ, ಈ ರಕ್ಷಣೆ ಬಿಎಸ್-4 ಮತ್ತು ಅದರ ನಂತರದ ಗಾಡಿಗಳಿಗೆ ಮಾತ್ರ ಎಂದಿತು.

ಈ ಕೊನೆಯ ಮಾತನ್ನು ಸರಿಯಾಗಿ ಗಮನಿಸಬೇಕು. ದೆಹಲಿ ಸುತ್ತ ಬಿಎಸ್-4 ಬಂದದ್ದು 2010ರಲ್ಲಿ. ಅಂದ್ರೆ 2013ರದ್ದೋ 2014ರದ್ದೋ ದೆಹಲಿ ಗಾಡಿ ಇವತ್ತಿಗೆ ಆ ರಕ್ಷಣೆಯ ಒಳಗೇ ಇದೆ. "ಅಲ್ಲಿ ಬ್ಯಾನ್ ಆಗಿದೆ, ಅದಕ್ಕೇ ಈ ರೇಟು" ಅಂತ ಬ್ರೋಕರ್ ಹೇಳಿದರೆ ಅರ್ಧ ಮಾತು ಹಳೆಯದು. ಬ್ಯಾನ್ ಕಾರಣ ಸಡಿಲಾದ ಮೇಲೂ ಅಷ್ಟು ಅಗ್ಗಕ್ಕೆ ಕೊಡ್ತಾರೆ ಅಂದ್ರೆ ಬೇರೆ ಕಾರಣ ಇರಬಹುದು. ಆ ಕಾರಣ ಬೋನೆಟ್ ಕೆಳಗೋ, ಚಾಸಿ ಅಡಿಯಲ್ಲೋ, ಕಾಗದದಲ್ಲೋ ಕೂತಿರುತ್ತೆ.

ಮೊದಲು ಕಾಗದ: 12 ಲಕ್ಷದ ಗಾಡಿ 17 ಲಕ್ಷ ಆಗೋದು ಹೇಗೆ?

ಹೊರರಾಜ್ಯದ ಗಾಡಿ ತಂದವರು ಮೊದಲು ಎಡವೋದು ಇಲ್ಲೇ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗಿಂತ ಹೆಚ್ಚಿನ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್ ಬೇರೆ. ಹಳೆ ಗಾಡಿಗೆ ವಯಸ್ಸು ನೋಡಿ ತೆರಿಗೆ ಇಳಿಸುತ್ತಾರೆ. ಆದರೆ ಲೆಕ್ಕ ಹಾಕೋದು ಕೊಂಡ ಬೆಲೆಯ ಮೇಲಲ್ಲ, ಆ ಗಾಡಿ ಹೊಸದಾಗಿದ್ದಾಗಿನ ಬೆಲೆಯ ಮೇಲೆ.

ಒಬ್ಬರು 60 ಲಕ್ಷದ ಗಾಡಿಯನ್ನು ಹತ್ತು ವರ್ಷದ ಮೇಲೆ 12 ಲಕ್ಷಕ್ಕೆ ತಂದರು ಅಂತಿಟ್ಟುಕೊಳ್ಳಿ. 60 ಲಕ್ಷಕ್ಕೆ ಶೇ 18 ಅಂದ್ರೆ 10.80 ಲಕ್ಷ. ವಯಸ್ಸಿನ ರಿಯಾಯಿತಿ ಕಳೆದು ಅರ್ಧದ ಆಸುಪಾಸು ಉಳಿದರೂ 5 ಲಕ್ಷದ ಹತ್ತಿರ ಹೋಗುತ್ತೆ. ಸೆಸ್, ಫೀಸು, ಓಡಾಟ ಬೇರೆ. 12 ಲಕ್ಷದ ಗಾಡಿ ಕೆಎ-17 ಬೋರ್ಡ್ ಹಾಕಿಕೊಳ್ಳೋ ಹೊತ್ತಿಗೆ 17 ಲಕ್ಷ ದಾಟಿರುತ್ತೆ. ಇಷ್ಟಾದರೂ ಗ್ಯಾರೇಜಿನ ಖರ್ಚು ಇನ್ನೂ ಶುರುವಾಗಿಲ್ಲ.

"ಹಳೇ ನಂಬರ್‌ನಲ್ಲೇ ಓಡಿಸಿಕೊಳ್ಳಿ, ಯಾರು ಕೇಳ್ತಾರೆ" ಅನ್ನೋ ಸಲಹೆ ಕೊಡುವವರೂ ಇದ್ದಾರೆ. ಕೇಳ್ತಾರೆ. ತೆರಿಗೆ ಕಟ್ಟದೆ ಓಡಾಡುತ್ತಿದ್ದ ಹೊರರಾಜ್ಯ ನೋಂದಣಿಯ ದುಬಾರಿ ಕಾರುಗಳನ್ನು ರಾಜ್ಯದ ಸಾರಿಗೆ ಇಲಾಖೆ 2025ರ ಫೆಬ್ರುವರಿಯಲ್ಲಿ ಬೆಂಗಳೂರಲ್ಲಿ ಸಾಲಾಗಿ ಹಿಡಿದು ನಿಲ್ಲಿಸಿತ್ತು. ಕಾನೂನು ಪ್ರಕಾರ ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿದರೆ ಇಲ್ಲಿನ ನಂಬರ್ ತೆಗೆದುಕೊಳ್ಳಲೇಬೇಕು.

ಆದ್ದರಿಂದ ಗಾಡಿ ನೋಡೋಕೆ ಹೋಗುವ ಮುಂಚೆ ಮನೆಯಲ್ಲೇ ಕೂತು ನೋಡಬೇಕಾದ್ದು ಇಷ್ಟು:

ಪರಿವಾಹನ್ ಪೋರ್ಟಲ್‌ನಲ್ಲಿ ನಂಬರ್ ಹಾಕಿ ಆರ್‌ಸಿ ಚಾಲ್ತಿಯಲ್ಲಿದೆಯೇ, ರದ್ದಾಗಿದೆಯೇ ನೋಡುವುದು. ಮೊದಲ ನೋಂದಣಿ ದಿನಾಂಕ, ಎಷ್ಟನೇ ಓನರ್, ಬಿಎಸ್ ಎಷ್ಟು ಅನ್ನೋದು ಅಲ್ಲೇ ಸಿಗುತ್ತೆ. 15 ವರ್ಷ ತುಂಬಲು ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕಬೇಕು. ತುಂಬಿದ ಮೇಲೆ ಗಾಡಿ ತೋರಿಸಿ ಆರ್‌ಸಿ ನವೀಕರಣ ಮಾಡಿಸಬೇಕು, ಕಾರಿಗೆ ಅದರ ಫೀಸು 2022ರಿಂದ 5,000 ರೂಪಾಯಿ.

ಬ್ಯಾಂಕ್ ಸಾಲ ಇದ್ದರೆ ಆರ್‌ಸಿಯಲ್ಲಿ ಹೈಪಾಥಿಕೇಷನ್ ಅಂತ ಇರುತ್ತೆ. ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಬೇಕು. ಹೊರರಾಜ್ಯದ್ದಾದರೆ ಅಲ್ಲಿನ ಆರ್‌ಟಿಒ ಕೊಟ್ಟ ಎನ್‌ಒಸಿ, ಅಂದ್ರೆ ಫಾರಂ 28 ಬೇಕು. ಮಾಲೀಕತ್ವ ಬದಲಾವಣೆಗೆ ಫಾರಂ 29, 30. ಇವು ಖಾಲಿ ಸಹಿ ಹಾಕಿದ ಸ್ಥಿತಿಯಲ್ಲಿ ಮೂರು ಬ್ರೋಕರ್‌ಗಳ ಕೈ ದಾಟಿ ಬಂದಿದ್ದರೆ ಆ ವ್ಯವಹಾರ ಬಿಡೋದೇ ಮೇಲು.

ಬಾಕಿ ಚಲನ್ ಎಷ್ಟಿದೆ ಅಂತಲೂ ನೋಡಬೇಕು. ದಂಡದಲ್ಲಿ ಅರ್ಧ ರಿಯಾಯಿತಿ ಕೊಡೋ ಅವಧಿಗಳು 2023ರಲ್ಲೂ 2025ರಲ್ಲೂ ಬಂದು ಹೋಗಿವೆ. ಕಟ್ಟದೆ ಬಿಟ್ಟ ಹಳೇ ದಂಡ ಹೊಸಬರ ತಲೆಗೆ ಬರಬಾರದು. ಏರ್‌ಬ್ಯಾಗ್ ರೀಕಾಲ್ ಬಾಕಿ ಇದೆಯೇ ಅಂತ ಚಾಸಿ ನಂಬರ್ ಕೊಟ್ಟು ಕಂಪನಿಯಲ್ಲಿ ಕೇಳಬಹುದು, ಅದಕ್ಕೆ ದುಡ್ಡಿಲ್ಲ. ಟಕಾಟಾ ಕಂಪನಿಯ ಏರ್‌ಬ್ಯಾಗ್ ದೋಷದಲ್ಲಿ ಬಿಎಂಡಬ್ಲ್ಯು, ಮರ್ಸಿಡಿಸ್, ಔಡಿ, ಟೊಯೊಟಾ ಸೇರಿ ಹಲವು ಕಂಪನಿಗಳು ಜಗತ್ತಿನಾದ್ಯಂತ ಗಾಡಿ ವಾಪಸ್ ಕರೆದಿದ್ದವು. ಸೆಕೆ, ತೇವ ಹೆಚ್ಚಿರುವ ಕಡೆ ಆ ದೋಷ ಹೆಚ್ಚು ಅಪಾಯ.

ಕಿಲೋಮೀಟರ್ ಜಾಸ್ತಿ ಇದ್ರೆ ಭಯ ಬೇಡ, ಲೆಕ್ಕ ಇಲ್ಲದಿದ್ರೆ ಭಯ ಬೇಕು

ಸಂತೆಯಲ್ಲಿ ಎತ್ತು ಕೊಳ್ಳೋರು ಬಾಯಿ ಬಿಡಿಸಿ ಹಲ್ಲು ನೋಡ್ತಾರೆ, ಮಾರೋನ ಮಾತು ಕೇಳಿ ವಯಸ್ಸು ನಂಬಲ್ಲ. ಗಾಡಿ ಮೀಟರ್ ವಿಷಯದಲ್ಲಿ ಮಾತ್ರ ನಮ್ಮ ಜನ ಡ್ಯಾಶ್‌ಬೋರ್ಡ್ ಹೇಳಿದ್ದನ್ನು ನಂಬಿಬಿಡ್ತಾರೆ.

ಹತ್ತು ವರ್ಷದ ಡೀಸೆಲ್ ಎಸ್‌ಯುವಿ 1.80 ಲಕ್ಷ ಕಿ.ಮೀ. ಓಡಿದೆ, ಪ್ರತಿ ಸರ್ವಿಸ್‌ನ ಬಿಲ್ ಇದೆ ಅಂದ್ರೆ ಅದು ಒಳ್ಳೆ ಗಾಡಿ ಆಗಿರೋ ಸಾಧ್ಯತೆ ಹೆಚ್ಚು. ಅದೇ ಗಾಡಿ 68 ಸಾವಿರ ಕಿ.ಮೀ., ಬಿಲ್ ಒಂದೂ ಇಲ್ಲ ಅಂದ್ರೆ ಅನುಮಾನ ಪಡಬೇಕು. ದೊಡ್ಡ ಡೀಸೆಲ್ ಗಾಡಿಯನ್ನು ಜನ ತಗೊಳ್ಳೋದೇ ದೂರ ಓಡಿಸೋಕೆ.

ಮೀಟರ್ ತಿರುಗಿಸಿದ್ದನ್ನು ಹಿಡಿಯೋ ದಾರಿಗಳಿವೆ. ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಮಾರುವವರ ಒಪ್ಪಿಗೆಯೊಂದಿಗೆ ಹಿಸ್ಟರಿ ತೆಗೆಸಬಹುದು. ಜರ್ಮನ್ ಗಾಡಿಗಳಲ್ಲಿ ಕಿಲೋಮೀಟರ್ ಡ್ಯಾಶ್‌ಬೋರ್ಡ್ ಬಿಟ್ಟು ಬೇರೆ ಕಂಪ್ಯೂಟರ್ ಬಾಕ್ಸ್‌ಗಳಲ್ಲೂ ದಾಖಲಾಗುತ್ತೆ, ಬಿಎಂಡಬ್ಲ್ಯುನ ಕೀಯಲ್ಲೂ ಉಳಿಯುತ್ತೆ. ಕಣ್ಣಿಗೆ ಕಾಣೋ ಗುರುತುಗಳೂ ಇವೆ: ಬ್ರೇಕ್ ಪೆಡಲ್ ರಬ್ಬರ್ ಸವೆದಿರೋದು, ಸ್ಟಿಯರಿಂಗ್ ಚರ್ಮ ನುಣುಪಾಗಿರೋದು, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿರೋದು. ಟೈರ್ ಮೇಲೆ ನಾಲ್ಕು ಅಂಕಿ ಇರುತ್ತೆ. 2319 ಅಂದ್ರೆ 2019ರ 23ನೇ ವಾರ ತಯಾರಾದ ಟೈರ್. 40 ಸಾವಿರ ಓಡಿದೆ ಅನ್ನೋ ಗಾಡಿಗೆ ಮೂರನೇ ಸೆಟ್ ಟೈರ್ ಯಾಕೆ ಬಂತು ಅಂತ ಕೇಳಬೇಕು.

ಯಾವ ಗಾಡಿಗೆ ಯಾವ ಹುಳುಕು

ಪ್ರತಿ ಮಾಡೆಲ್‌ಗೂ ಲೋಕಕ್ಕೆಲ್ಲ ಗೊತ್ತಿರೋ ಒಂದೆರಡು ದೌರ್ಬಲ್ಯ ಇರುತ್ತೆ. ಮೆಕ್ಯಾನಿಕ್‌ಗಳಿಗೆ ಗೊತ್ತು, ಮಾರುವವರಿಗೂ ಗೊತ್ತು. ಕೊಳ್ಳುವವರಿಗೆ ಮಾತ್ರ ಗೊತ್ತಿರಲ್ಲ.

ಟೊಯೊಟಾ ಫಾರ್ಚುನರ್ (2009ರಿಂದ 2016, 3.0 ಡೀಸೆಲ್): ಗಟ್ಟಿ ಗಾಡಿ, ಪಾರ್ಟ್ಸ್ ಸಿಗುತ್ತೆ, ನಮ್ಮ ಕಡೆ ಕೈ ಹಾಕೋ ಮೆಕ್ಯಾನಿಕ್‌ಗಳೂ ಇದ್ದಾರೆ. ಆದರೆ ಇದರಲ್ಲಿ ಟೈಮಿಂಗ್ ಬೆಲ್ಟ್ ಇದೆ, 1.5 ಲಕ್ಷ ಕಿ.ಮೀ. ಆಸುಪಾಸಿಗೆ ಬದಲಾಯಿಸಲೇಬೇಕು. ಬದಲಾಯಿಸಿದ ಬಿಲ್ ಇಲ್ಲದಿದ್ರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ. ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಹೊಡೆದು ಇಂಜಿನ್ನೇ ಬಿಚ್ಚಬೇಕು. ಎರಡನೇದು ಇಂಜೆಕ್ಟರ್. ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಕಟಕಟ ಸದ್ದು, ಬಿಳಿ ಹೊಗೆ ಬಂದರೆ ಇಂಜೆಕ್ಟರ್ ಟೆಸ್ಟ್ ಮಾಡಿಸದೆ ಮುಂದುವರಿಯಬಾರದು. ಇಂಜೆಕ್ಟರ್ ವಾಷರ್ ಸೋರಿದರೆ ಮಸಿ ಆಯಿಲ್‌ಗೆ ಸೇರಿ ಕೆಳಗಿನ ಜಾಲರಿ ಕಟ್ಟಿಕೊಳ್ಳುತ್ತೆ, ಆಮೇಲೆ ಇಂಜಿನ್‌ಗೆ ಆಯಿಲ್ ಏರಲ್ಲ. 2016ರ ನವೆಂಬರ್‌ನಲ್ಲಿ ಬಂದ ಹೊಸ ತಲೆಮಾರಿನ 2.8 ಡೀಸೆಲ್‌ನಲ್ಲಿ ಬೆಲ್ಟ್ ಬದಲು ಚೈನ್ ಇದೆ.

ಮರ್ಸಿಡಿಸ್ ಎಂಎಲ್, ಜಿಎಲ್ (3.0 ವಿ6 ಡೀಸೆಲ್): ಇಂಜಿನ್ನಿನ ವಿ ಆಕಾರದ ಕಣಿವೆಯ ಒಳಗೆ ಆಯಿಲ್ ಕೂಲರ್ ಕೂತಿರುತ್ತೆ. ಅದರ ಸೀಲ್ ವರ್ಷ ಕಳೆದಂತೆ ಗಟ್ಟಿಯಾಗಿ ಆಯಿಲ್ ಜಿನುಗುತ್ತೆ. ಹಿಂದಿನಿಂದ ಇಳಿದು ಗೇರ್‌ಬಾಕ್ಸ್ ಸೇರೋ ಜಾಗದಲ್ಲಿ ತೊಟ್ಟಿಕ್ಕುತ್ತೆ. ಸೀಲ್ ಬೆಲೆ ಸಣ್ಣದು, ಆದರೆ ಅಲ್ಲಿಗೆ ಕೈ ಹೋಗಬೇಕಾದ್ರೆ ಟರ್ಬೋ, ಮ್ಯಾನಿಫೋಲ್ಡ್ ಎಲ್ಲ ಬಿಚ್ಚಬೇಕು, ಕೂಲಿಯೇ ದೊಡ್ಡದು.

ಬಿಎಂಡಬ್ಲ್ಯು ಎಕ್ಸ್1, ಎಕ್ಸ್3 (2.0 ಡೀಸೆಲ್, 2011ರ ಆಸುಪಾಸಿನವರೆಗಿನವು): ಇದರ ಟೈಮಿಂಗ್ ಚೈನ್ ಇಂಜಿನ್ನಿನ ಹಿಂಬದಿ, ಗೇರ್‌ಬಾಕ್ಸ್ ಕಡೆ ಇದೆ. ಚೈನ್ ಸಡಿಲವಾದರೆ ಹಿಂದಿನಿಂದ ಕೆರೆದ ಹಾಗೆ ಸದ್ದು ಬರುತ್ತೆ. ಬದಲಾಯಿಸೋಕೆ ಇಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸಬೇಕು.

ಔಡಿ ಕ್ಯೂ7 (3.0 ಟಿಡಿಐ): ಇಲ್ಲೂ ಚೈನ್ ಹಿಂದೆ. ತಣ್ಣಗಿನ ಸ್ಟಾರ್ಟ್‌ನಲ್ಲಿ ಮೊದಲ ಕೆಲವು ಸೆಕೆಂಡ್ ಗಲಗಲ ಅಂದರೆ ಟೆನ್ಷನರ್ ಮೇಲೆ ಅನುಮಾನ.

ಲ್ಯಾಂಡ್ ರೋವರ್ ಡಿಸ್ಕವರಿ, ರೇಂಜ್ ರೋವರ್ ಸ್ಪೋರ್ಟ್ (2.7, 3.0 ವಿ6 ಡೀಸೆಲ್): ಈ ಇಂಜಿನ್‌ಗಳಲ್ಲಿ ಬೇರಿಂಗ್ ಹೋಗಿ ಕ್ರ್ಯಾಂಕ್ ಶಾಫ್ಟ್ ತುಂಡಾಗೋ ಸಮಸ್ಯೆ ಕುಖ್ಯಾತ. ಮುನ್ಸೂಚನೆ ಇಲ್ಲದೇ ಆಗಬಹುದು. ಆಯಿಲ್ ಸಕಾಲಕ್ಕೆ ಬದಲಾಯಿಸಿದ ದಾಖಲೆ ಇಲ್ಲದ ಗಾಡಿಯ ಹತ್ತಿರಕ್ಕೂ ಹೋಗಬಾರದು. ದೊಡ್ಡ ರಿಪೇರಿಗೆ ಹಲವು ಸಲ ಬಾಡಿಯನ್ನೇ ಚಾಸಿಯಿಂದ ಎತ್ತಬೇಕಾಗುತ್ತೆ.

ಫೋರ್ಡ್ ಎಂಡೆವರ್: ಗಾಡಿ ಒಳ್ಳೆಯದೇ. ಆದರೆ ಭಾರತದಲ್ಲಿ ತಯಾರಿಕೆ ನಿಲ್ಲಿಸೋದಾಗಿ ಫೋರ್ಡ್ 2021ರ ಸೆಪ್ಟೆಂಬರ್ 9ರಂದು ಹೇಳಿತು. ಸರ್ವಿಸ್ ಮುಂದುವರಿದರೂ, ಬೇಕಾದ ಪಾರ್ಟ್ ಎಷ್ಟು ದಿನಕ್ಕೆ ಬರುತ್ತೆ ಅಂತ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಬೇಕು.

ಏರ್ ಸಸ್ಪೆನ್ಷನ್: ಪಂಕ್ಚರ್ ಅಂಗಡಿ ಉಪಾಯ

ಮೇಲಿನ ಹಲವು ಗಾಡಿಗಳಲ್ಲಿ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತೆ. ಇದೇ ಆ ಮೆತ್ತನೆ ಸವಾರಿಯ ಗುಟ್ಟು, ಇದೇ ಖರ್ಚಿನ ಬಾಯಿ. ರಬ್ಬರ್ ಒಣಗಿ ಬಿರುಕು ಬಿಟ್ಟರೆ ಗಾಳಿ ಸೋರುತ್ತೆ. ಸೋರಿದ್ದನ್ನು ತುಂಬೋಕೆ ಕಂಪ್ರೆಸರ್ ಪದೇ ಪದೇ ಓಡಿ ಸುಟ್ಟುಹೋಗುತ್ತೆ. ಅಂದ್ರೆ ಒಂದು ಚೀಲದ ರಿಪೇರಿ ತಡ ಮಾಡಿದ್ರೆ ಎರಡು ಖರ್ಚು.

ಪರೀಕ್ಷೆ ಸುಲಭ. ಹಿಂದಿನ ರಾತ್ರಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನಾಲ್ಕು ಚಕ್ರದ ಮೇಲೂ ಮಡ್‌ಗಾರ್ಡ್ ಅಂಚಿನಿಂದ ಚಕ್ರದ ನಡುವಿನವರೆಗೆ ಟೇಪ್ ಹಿಡಿದು ಬರೆದಿಟ್ಟುಕೊಳ್ಳುವುದು. ಬೆಳಗ್ಗೆ ಯಾವ ಮೂಲೆ ಕೂತಿದೆಯೋ ಆ ಮೂಲೆ ಸೋರುತ್ತಿದೆ. ಆಮೇಲೆ ಎತ್ತರ ಹೆಚ್ಚಿಸೋ ಬಟನ್ ಒತ್ತಿ ಎಷ್ಟು ಹೊತ್ತಿಗೆ ಏರುತ್ತೆ, ಕಂಪ್ರೆಸರ್ ಸದ್ದು ಹೇಗಿದೆ ನೋಡುವುದು. ಚೀಲದ ಮೇಲೆ ಸೋಪು ನೀರು ಹಾಕಿದರೆ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೋಡಿದ ಹಾಗೆ ಗುಳ್ಳೆ ಏಳುತ್ತೆ. ಜಗಳೂರು ಕಡೆಯ ಧೂಳು, ಜಲ್ಲಿ ರಸ್ತೆಗೆ ಈ ರಬ್ಬರ್ ಬೇಗ ಸವೆಯುತ್ತೆ ಅನ್ನೋದು ನೆನಪಿರಲಿ. "ಏರ್ ತೆಗೆದು ಸಾದಾ ಸ್ಪ್ರಿಂಗ್ ಹಾಕಿಸಿದೀವಿ" ಅಂತ ಮಾರುವವರೇ ಹೇಳಿದರೆ ಬೆಲೆ ಇಳಿಸಿ ಕೇಳೋಕೆ ಅದೇ ಕಾರಣ.

ಗೇರ್‌ಬಾಕ್ಸ್ ಮತ್ತು ಟೈರ್: ಹಳ್ಳಿ ಗ್ಯಾರೇಜ್ ಮಾಡೋ ತಪ್ಪು

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ "ಲೈಫ್‌ಟೈಮ್, ಬದಲಾಯಿಸಬೇಕಿಲ್ಲ" ಅನ್ನೋ ಮಾತು ಚಾಲ್ತಿಯಲ್ಲಿದೆ. ಬಿಎಂಡಬ್ಲ್ಯು, ಲ್ಯಾಂಡ್ ರೋವರ್ ಮುಂತಾದವಕ್ಕೆ ಗೇರ್‌ಬಾಕ್ಸ್ ಮಾಡಿಕೊಡೋ ಜರ್ಮನಿಯ ಝಡ್ಎಫ್ ಕಂಪನಿಯೇ 80 ಸಾವಿರದಿಂದ 1.20 ಲಕ್ಷ ಕಿ.ಮೀ. ಒಳಗೆ ಬದಲಾಯಿಸಿ ಅನ್ನುತ್ತೆ. 1.5 ಲಕ್ಷ ದಾಟಿದ ಗಾಡಿಗೆ ಈ ಬಿಲ್ ಕೇಳಲೇಬೇಕು.

ಟ್ರಯಲ್‌ನಲ್ಲಿ ಗಾಡಿ ತಣ್ಣಗಿದ್ದಾಗ ಒಮ್ಮೆ, ಅರ್ಧ ಗಂಟೆ ಓಡಿದ ಮೇಲೆ ಒಮ್ಮೆ ನೋಡಬೇಕು. ಬ್ರೇಕ್ ಒತ್ತಿ ಪಿ ಇಂದ ಆರ್, ಆರ್ ಇಂದ ಡಿ ಹಾಕಿದಾಗ ತಡವಾಗಿ ಹಿಡಿದರೆ, ಹಿಂದಿನಿಂದ ಯಾರೋ ಗುದ್ದಿದ ಹಾಗಾದರೆ ಅದು ಸಣ್ಣ ವಿಷಯವಲ್ಲ.

ಟೈರ್ ವಿಷಯ ಅನೇಕರಿಗೆ ಗೊತ್ತಿಲ್ಲ. ಯಾವಾಗಲೂ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ಗಾಡಿಗಳಲ್ಲಿ ನಾಲ್ಕೂ ಟೈರ್‌ನ ಸುತ್ತಳತೆ ಒಂದೇ ಇರಬೇಕು. ನಮ್ಮ ಕಡೆ ಅಭ್ಯಾಸ ಏನಂದ್ರೆ ಮುಂದಿನ ಎರಡು ಸವೆದರೆ ಎರಡಕ್ಕೆ ಮಾತ್ರ ಬೇರೆ ಕಂಪನಿ ಟೈರ್ ಹಾಕೋದು. ಟ್ರ್ಯಾಕ್ಟರ್ ಟ್ರೇಲರ್‌ಗೆ ನಡೆಯುತ್ತೆ, ಬಿಎಂಡಬ್ಲ್ಯು ಎಕ್ಸ್‌ಡ್ರೈವ್‌ಗೆ ನಡೆಯಲ್ಲ. ಟ್ರಾನ್ಸ್‌ಫರ್ ಕೇಸ್ ಒಳಗೇ ತಿಕ್ಕಾಡಿ ಹಾಳಾಗುತ್ತೆ. ಎರಡು ಹೊಸ, ಎರಡು ಬೋಳು ಟೈರ್ ಇದ್ದ ಗಾಡಿಯನ್ನು ಕಡಿಮೆ ವೇಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಓಡಿಸಬೇಕು. ತಡವರಿಸಿ, ಎಳೆದು ಎಳೆದು ಹೋದರೆ ಅನುಮಾನ ಖಚಿತ.

ನೀರು: ಬೋರ್‌ವೆಲ್‌ದು, ಮಳೆದು, ಪ್ರವಾಹದ್ದು

ಈ ಗಾಡಿಗಳ ಕೂಲಿಂಗ್ ಪೈಪ್, ಟ್ಯಾಂಕ್ ಬಹುಪಾಲು ಪ್ಲಾಸ್ಟಿಕ್. ಹತ್ತು ವರ್ಷದ ಬಿಸಿಗೆ ಒಣಗಿ ಸಿಗಿಯುತ್ತವೆ. ಕೂಲಂಟ್ ಕಡಿಮೆಯಾದಾಗ ಬೋರ್‌ವೆಲ್ ನೀರು ಸುರಿಯೋ ಚಾಳಿ ಇದೆಯಲ್ಲ, ಅದು ಇವಕ್ಕೆ ವಿಷ. ಗಡಸು ನೀರಿನ ಉಪ್ಪು ರೇಡಿಯೇಟರ್ ಒಳಗೆ ಸ್ನಾನದ ಹಂಡೆಯಲ್ಲಿ ಕಟ್ಟಿದ ಹಾಗೇ ಕಟ್ಟುತ್ತೆ. ಇಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದರೆ ಕೂಲಂಟ್ ಬಣ್ಣ ಸ್ವಚ್ಛವಾಗಿರಬೇಕು. ಕೆಂಪು ಮಣ್ಣಿನ ನೀರಿನಂತಿದ್ದರೆ, ಮೇಲೆ ಎಣ್ಣೆ ತೇಲಿದರೆ ಅಲ್ಲಿಗೇ ಬಿಡಬೇಕು. ಮಧ್ಯಾಹ್ನದ ಬಿಸಿಲಲ್ಲಿ ಎಸಿ ಹಾಕಿ 20 ನಿಮಿಷ ನಿಂತಲ್ಲೇ ಓಡಿಸಿ ಬಿಸಿ ಮುಳ್ಳು ಏರುತ್ತಾ ನೋಡಬೇಕು.

ಸನ್‌ರೂಫ್ ಇದ್ದರೆ ಮಳೆ ನೀರು ಇಳಿಯೋಕೆ ಸಣ್ಣ ಪೈಪ್‌ಗಳಿರುತ್ತವೆ. ಮರದ ಕೆಳಗೆ, ತೋಟದಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಕಸ, ಎಲೆ ಚೂರು ಕಟ್ಟಿಕೊಂಡು ನೀರು ಒಳಗೆ ಇಳಿಯುತ್ತೆ. ಹಲವು ಜರ್ಮನ್ ಗಾಡಿಗಳಲ್ಲಿ ಬ್ಯಾಟರಿ, ಕಂಪ್ಯೂಟರ್ ಬಾಕ್ಸ್ ಸೀಟಿನ ಕೆಳಗೆ ಅಥವಾ ಡಿಕ್ಕಿಯ ನೆಲದಲ್ಲಿ ಇರುತ್ತವೆ. ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಒತ್ತಿ ನೋಡಬೇಕು, ಒದ್ದೆ ಇದ್ದರೆ ದೀಪ ಒಂದೊಂದಾಗಿ ಹತ್ತೋಕೆ ಶುರುವಾಗುತ್ತೆ.

ಇನ್ನು ಪ್ರವಾಹದ ಗಾಡಿ. 2015ರ ಡಿಸೆಂಬರ್ ಮತ್ತು 2023ರ ಡಿಸೆಂಬರ್‌ನಲ್ಲಿ ಚೆನ್ನೈ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಹೊರವಲಯದ ಬಡಾವಣೆಗಳು ಮುಳುಗಿದಾಗ ಬೇಸ್‌ಮೆಂಟ್‌ನಲ್ಲಿದ್ದ ದುಬಾರಿ ಕಾರುಗಳೂ ಮುಳುಗಿದ್ದವು. ಅಂಥವು ತೊಳೆದು, ಪಾಲಿಶ್ ಮಾಡಿಸಿಕೊಂಡು ದೂರದ ಊರುಗಳ ಮಾರುಕಟ್ಟೆಗೆ ಬರುತ್ತವೆ. ಸೀಟ್ ಬೆಲ್ಟ್ ಪೂರ್ತಿ ಎಳೆದರೆ ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಸಿಗಬಹುದು. ಸೀಟ್ ಹಳಿಯ ತುಕ್ಕು, ಸ್ಟೆಪ್ನಿ ಗುಂಡಿಯ ಮರಳು, ಹೆಡ್‌ಲೈಟ್ ಒಳಗಿನ ತೇವ, ಎಸಿ ಹಾಕಿದಾಗಿನ ಮುಗ್ಗಲು ವಾಸನೆ ಕೂಡ ಅದನ್ನೇ ಹೇಳುತ್ತವೆ. ಹೊಸ ಸೆಂಟ್ ಜೋರಾಗಿ ಹೊಡೆದಿದ್ದರೆ ಮೂಗು ಇನ್ನಷ್ಟು ಚುರುಕಾಗಿರಬೇಕು.

ಬಿಎಸ್-6 ಗಾಡಿ, ಬಜಾರ್ ಓಡಾಟ

2020ರ ಏಪ್ರಿಲ್ 1ರ ನಂತರದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಇರುತ್ತೆ. ಅದು ತನ್ನಷ್ಟಕ್ಕೇ ಮಸಿ ಸುಟ್ಟುಕೊಳ್ಳಬೇಕಾದ್ರೆ ಗಾಡಿ ಒಂದೇ ವೇಗದಲ್ಲಿ 20-30 ನಿಮಿಷ ಓಡಬೇಕು. ಮನೆಯಿಂದ ಅಂಗಡಿ, ಅಂಗಡಿಯಿಂದ ತೋಟ ಅಂತ ಎರಡು-ಮೂರು ಕಿ.ಮೀ. ಓಡಾಟ ಮಾಡೋರಿಗೆ ಇದು ಪದೇ ಪದೇ ಕಟ್ಟುತ್ತೆ. ವಾರಕ್ಕೊಮ್ಮೆಯಾದರೂ ದಾವಣಗೆರೆ ಅಥವಾ ಶಿವಮೊಗ್ಗ ಕಡೆ ಒಂದು ಓಟ ಇದ್ದರೆ ಸರಿ, ಇಲ್ಲದಿದ್ದರೆ ಆ ಅಂಗಡಿಯವರಿಗೆ ಪೆಟ್ರೋಲ್ ಗಾಡಿಯೇ ವಾಸಿ. "ಡಿಪಿಎಫ್ ತೆಗೆಸಿದ್ದೀವಿ, ಪಿಕಪ್ ಜಾಸ್ತಿ" ಅನ್ನೋ ಗಾಡಿ ಕಾನೂನು ಮೀರಿದ ಮಾರ್ಪಾಡಿನದ್ದು. ಅದನ್ನು ಮತ್ತೆ ಸರಿ ಮಾಡಿಸೋ ಖರ್ಚು ಕೊಂಡವರದ್ದೇ.

ಸ್ಕ್ಯಾನರ್ ಹಾಕಿಸದೆ ವ್ಯಾಪಾರ ಬೇಡ

ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತಿಲ್ಲ ಅಂದ ಮಾತ್ರಕ್ಕೆ ದೋಷ ಇಲ್ಲ ಅಂತಲ್ಲ. ಮಾರೋ ಹಿಂದಿನ ದಿನ ಕೋಡ್ ಅಳಿಸಿದರೆ ಒಂದೆರಡು ದಿನ ದೀಪ ಹತ್ತಲ್ಲ. ಕೀ ಆನ್ ಮಾಡಿದಾಗ ಎಲ್ಲ ದೀಪ ಒಮ್ಮೆ ಹತ್ತಿ ಆರಬೇಕು. ಏರ್‌ಬ್ಯಾಗ್ ದೀಪ ಹತ್ತಲೇ ಇಲ್ಲ ಅಂದ್ರೆ ಬಲ್ಬನ್ನೇ ತೆಗೆದಿರಬಹುದು. ಆ ಬ್ರ್ಯಾಂಡ್‌ಗೇ ಇರೋ ಸ್ಕ್ಯಾನರ್‌ನಲ್ಲಿ ಎಲ್ಲ ಬಾಕ್ಸ್ ಓದಿಸಬೇಕು. ಇತ್ತೀಚೆಗೆ ಕೋಡ್ ಅಳಿಸಿದ್ದರೆ ಪರೀಕ್ಷೆಗಳು ಇನ್ನೂ ಪೂರ್ಣವಾಗಿಲ್ಲ ಅಂತ ಅದರಲ್ಲೇ ಗೊತ್ತಾಗುತ್ತೆ.

ಇದಕ್ಕೆ ತಾಲ್ಲೂಕಿನಲ್ಲಿ ಅನುಕೂಲ ಕಡಿಮೆ. ದುಬಾರಿ ಬ್ರ್ಯಾಂಡ್‌ಗಳ ಬಹುತೇಕ ಕೆಲಸಕ್ಕೆ ಬೆಂಗಳೂರು ದಾರಿಯೇ ಗತಿ. ಚನ್ನಗಿರಿಯಿಂದ ಅದು ಇನ್ನೂರೈವತ್ತು ಕಿ.ಮೀ. ಆಸುಪಾಸು. ಗಾಡಿ ಅರ್ಧ ದಾರಿಯಲ್ಲಿ ನಿಂತರೆ ಲಾರಿ ಮೇಲೆ ಹೇರಿಸಿಕೊಂಡು ಹೋಗೋ ಬಾಡಿಗೆಯೂ ಲೆಕ್ಕಕ್ಕೆ ಬರಬೇಕು. ಕೊಳ್ಳೋ ಮುಂಚೆಯೇ ಕಂಪನಿ ಸರ್ವಿಸ್‌ನಲ್ಲೋ, ಆ ಬ್ರ್ಯಾಂಡ್‌ನ ಕೆಲಸ ಬಲ್ಲ ಹೊರಗಿನ ಗ್ಯಾರೇಜಿನಲ್ಲೋ ಲಿಫ್ಟ್ ಮೇಲೆ ಎತ್ತಿಸಿ ನೋಡಿಸಿದರೆ ಕೆಲವು ಸಾವಿರ ಹೋಗುತ್ತೆ, ಲಕ್ಷಗಳು ಉಳಿಯುತ್ತವೆ. ಮಾರುವವರು "ಅದೆಲ್ಲ ಬೇಡ, ನನ್ನ ಮಾತು ನಂಬಿ" ಅಂದರೆ ಅದೇ ಪರೀಕ್ಷೆಯ ಫಲಿತಾಂಶ.

ಮಾರುವ ಅಂಗಡಿಯವರಿಗೂ ಒಂದು ಮಾತು

ಹಳೆ ಗಾಡಿ ಕೊಟ್ಟು ದೊಡ್ಡದು ತಗೊಳ್ಳೋ ವ್ಯಾಪಾರಿಗಳು ಹಳೆಯದನ್ನು ಬ್ರೋಕರ್ ಕೈಗೆ ಕೊಟ್ಟು ಮರೆತುಬಿಡ್ತಾರೆ. 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಗಾಡಿ ಎಷ್ಟು ಕೈ ಬದಲಾಗಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತ ಪರಿಹಾರದ ಹೊಣೆ ಅವರದ್ದೇ. 2023ರ ಏಪ್ರಿಲ್ 1ರಿಂದ ನೋಂದಾಯಿತ ಹಳೆ ಕಾರು ಡೀಲರ್‌ಗಳಿಗೆ ಗಾಡಿ ಒಪ್ಪಿಸಿದ್ದನ್ನು ಪೋರ್ಟಲ್‌ನಲ್ಲೇ ದಾಖಲಿಸೋ ವ್ಯವಸ್ಥೆ ಬಂದಿದೆ. ಡೀಲರ್‌ಗೆ ಆ ಅಧಿಕಾರಪತ್ರ ಇದೆಯೇ ಕೇಳಬೇಕು.

ಜಿಎಸ್‌ಟಿ ನೋಂದಣಿ ಇರೋ ಅಂಗಡಿ ಹೆಸರಲ್ಲಿ ಗಾಡಿ ಇದ್ದು, ಅದಕ್ಕೆ ಸವಕಳಿ ತೋರಿಸಿದ್ದರೆ, ಮಾರಿದ ಬೆಲೆ ಮತ್ತು ಸವಕಳಿ ಕಳೆದ ಬೆಲೆಯ ನಡುವಿನ ಲಾಭಕ್ಕೆ ಶೇ 18 ಜಿಎಸ್‌ಟಿ ಬರುತ್ತೆ. ಲಾಭ ಇಲ್ಲದಿದ್ದರೆ ತೆರಿಗೆ ಇಲ್ಲ. ಸ್ವಂತ ಹೆಸರಿನ ಮನೆ ಗಾಡಿಯನ್ನು ನೋಂದಣಿ ಇಲ್ಲದ ವ್ಯಕ್ತಿ ಇನ್ನೊಬ್ಬರಿಗೆ ಮಾರಿದರೆ ಜಿಎಸ್‌ಟಿ ಇಲ್ಲ. ಮೊದಲೇ ಲೆಕ್ಕ ಪರಿಶೋಧಕರನ್ನು ಕೇಳಿಕೊಂಡರೆ ನೋಟಿಸ್ ತಪ್ಪುತ್ತೆ.

ಕೊಂಡವರು ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ ಹೊಸಬರಿಗೆ ಬರಲ್ಲ.

ಕೊನೆಗೆ ಉಳಿಯೋ ಲೆಕ್ಕ

12 ಲಕ್ಷಕ್ಕೆ ಬಂದರೂ ಗಾಡಿಯ ಪಾರ್ಟ್ಸ್ ಬೆಲೆ 60 ಲಕ್ಷದ ಗಾಡಿಯದ್ದೇ. ಅದು ವಯಸ್ಸಾದಂತೆ ಇಳಿಯಲ್ಲ. ಆದ್ದರಿಂದ ಕೈಯಲ್ಲಿ 15 ಲಕ್ಷ ಇದ್ದವರು 15 ಲಕ್ಷದ ಗಾಡಿ ನೋಡಬಾರದು. ತೆರಿಗೆ ಕಳೆದು, ಮೊದಲ ವರ್ಷದ ರಿಪೇರಿಗೆ ಗಾಡಿ ಬೆಲೆಯ ಕಾಲು ಭಾಗ ತೆಗೆದಿಟ್ಟು ಉಳಿದದ್ದರಲ್ಲಿ ನೋಡಬೇಕು. ಆ ಲೆಕ್ಕಕ್ಕೆ ಜರ್ಮನ್ ಗಾಡಿ ಬಗ್ಗದಿದ್ದರೆ, ಇದೇ ಜಿಲ್ಲೆಯ ನಂಬರಿನ, ಬಿಲ್ ಇರೋ, ಎರಡು ಲಕ್ಷ ಕಿ.ಮೀ. ಓಡಿದ ಟೊಯೊಟಾ ಬಗ್ಗುತ್ತದೆ.

ಅಡಿಕೆ ರೇಟು ಪ್ರತಿ ವರ್ಷ ಒಂದೇ ಇರಲ್ಲ ಅನ್ನೋದು ಇಲ್ಲಿನ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೆಕ್ಕೆಜೋಳ, ಈರುಳ್ಳಿ ನಂಬಿದ ಜಗಳೂರಿನವರಿಗಂತೂ ಇನ್ನೂ ಚೆನ್ನಾಗಿ ಗೊತ್ತು. ರೇಟು ಬಿದ್ದ ವರ್ಷವೂ ಏರ್ ಸಸ್ಪೆನ್ಷನ್ ಬಿಲ್ ಅಷ್ಟೇ ಬರುತ್ತೆ. ಅಗ್ಗ ಅಂತ ಮುಗ್ಗಲು ಜೋಳ ತಂದ ಹಾಗಾಗದಿರಲು ಒಂದು ಬೆಳಗ್ಗೆ, ಒಂದು ಟೇಪು, ಒಂದು ಸ್ಕ್ಯಾನರ್, ಮತ್ತು "ಬೇಡ" ಅಂತ ಎದ್ದು ಬರೋ ಧೈರ್ಯ ಸಾಕು.